ಕಾವು ಕಳೆಯುವ ಕಲೆ, ಕಾವು ಹೆಚ್ಚಿಸುವ ಚಟ

ಆಗುಂಬೆ, ಚಾರ್ಮಾಡಿ, ಶಿರಾಡಿ, ದೇವಿಮನೆ ಘಟ್ಟಗಳ ಅಂಚಿನಲ್ಲಿ ಬದುಕುವ ಜನರಿಗೆ ರೇಡಿಯೇಟರ್ ಅಪರಿಚಿತ ವಸ್ತುವೇನಲ್ಲ. ಮಿತಿ ಮೀರಿ ಹೇರಿಕೊಂಡು ಏರು ಹತ್ತಿದ ಹಳೆಯ ಲಾರಿ ತಿರುವಿನಲ್ಲಿ ಬಾನೆಟ್ ತೆರೆದು ಹಬೆಯುಗುಳುತ್ತ ನಿಲ್ಲುವುದು, ಕ್ಲೀನರ್ ಹುಡುಗ ಡಬ್ಬಿ ಹಿಡಿದು ಹಳ್ಳಕ್ಕೆ ಇಳಿಯುವುದು, ಅರ್ಧ ಗಂಟೆ ಕಾದು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ನೀರು ಹೊಯ್ಯುವುದು ಒಂದು ಕಾಲಕ್ಕೆ ಘಟ್ಟದ ನಿತ್ಯದ ನೋಟವಾಗಿತ್ತು. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ ಎಂಬ ಪಾಠವನ್ನು ಆ ಚಾಲಕರು ಪುಸ್ತಕದಿಂದ ಕಲಿತವರಲ್ಲ. ಎಂಜಿನ್ ಕಾದರೆ ನಿಲ್ಲಬೇಕು, ಏರು ಕಡಿದಾದರೆ ಹೊರೆ ಇಳಿಸಬೇಕು ಎಂಬುದಷ್ಟೇ ಅವರು ಬಲ್ಲ ಸೂತ್ರ.

ಇದೇ ರೇಡಿಯೇಟರ್ ಇನ್ನೊಂದು ಲೋಕದಲ್ಲಿ ಬೇರೆಯೇ ಅರ್ಥ ಪಡೆದಿದೆ. ಅದು ಜಪಾನ್, ಅಮೆರಿಕ, ಆಸ್ಟ್ರೇಲಿಯಾಗಳ ಸ್ಪೋರ್ಟ್ಸ್ ಕಾರು ಪ್ರಿಯರ ಲೋಕ. ಅಲ್ಲಿ ಎಂಜಿನ್ ಕಾದರೆ ಯಾರೂ ನಿಲ್ಲುವುದಿಲ್ಲ. ದೊಡ್ಡ ರೇಡಿಯೇಟರ್ ಹಾಕಿಸಿಕೊಳ್ಳುತ್ತಾರೆ. ಕಾರ್ಖಾನೆ ಕೊಟ್ಟದ್ದನ್ನು ಕಳಚಿ, ಅದಕ್ಕಿಂತ ದಪ್ಪನೆಯ, ಪೂರ್ತಿ ಅಲ್ಯೂಮಿನಿಯಂನ ಹೊಸದೊಂದನ್ನು ಕೂರಿಸುವುದಕ್ಕೆ ‘ಅಪ್‌ಗ್ರೇಡ್’ ಎಂದು ಹೆಸರು. ಇದಕ್ಕೆಂದೇ ತಯಾರಕರಿದ್ದಾರೆ, ಮಾರಾಟಗಾರರಿದ್ದಾರೆ, ಯಾವ ತಯಾರಕನದು ಶ್ರೇಷ್ಠವೆಂದು ಜಗಳವಾಡುವ ಪಂಥಗಳೂ ಇವೆ. ಮೇಲ್ನೋಟಕ್ಕೆ ಇದೊಂದು ನಿರುಪದ್ರವಿ ಹವ್ಯಾಸ. ಇದರಿಂದ ಯಾರ ಕಾಡೂ ಕಡಿದುಹೋಗಲಿಲ್ಲ, ಯಾರ ಹೊಳೆಗೂ ಅಣೆಕಟ್ಟು ಬೀಳಲಿಲ್ಲ. ಹಾಗಿರುವಾಗ ಬೆಟ್ಟದ ಊರಿನ ಪತ್ರಿಕೆಯೊಂದು ಇದರ ಗೊಡವೆಗೆ ಹೋಗುವುದೇಕೆ ಎಂಬ ಪ್ರಶ್ನೆ ಸಹಜವೇ. ಬಿಸಿಯಾಗುತ್ತಿರುವ ಲೋಕಕ್ಕೆ ಇಂದು ಸೂಚಿಸಲಾಗುತ್ತಿರುವ ಹತ್ತಾರು ಪರಿಹಾರಗಳ ಅಚ್ಚು ಈ ಪೆಟ್ಟಿಗೆಯೊಳಗಿದೆ ಎಂಬುದು ಅದಕ್ಕೆ ಉತ್ತರ. ಬೆಂಕಿಯನ್ನು ಕಡಿಮೆ ಮಾಡುವ ಮಾತೇ ಇಲ್ಲ. ಕಾವನ್ನು ಹೊರಗೆ ಚೆಲ್ಲುವ ಬಾಯಿಯನ್ನು ಮಾತ್ರ ಅಗಲಿಸುತ್ತ ಹೋಗುವುದು.

ಮೊದಲು ಪದವನ್ನೇ ಪರಿಶೀಲಿಸಬೇಕು. ರೇಡಿಯೇಟರ್ ಎಂಜಿನ್ನನ್ನು ‘ತಂಪು ಮಾಡುತ್ತದೆ’ ಎನ್ನುವುದು ರೂಢಿಯ ಮಾತು. ಆದರೆ ಕಾವು ಇಲ್ಲವಾಗುವ ವಸ್ತುವಲ್ಲ, ಜಾಗ ಬದಲಿಸುವ ವಸ್ತು. ಎಂಜಿನ್ನಿನ ಸುತ್ತ ಹರಿದು ಕಾದ ನೀರು ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಹಾದುಹೋಗುವಾಗ, ಕೊಳವೆಗಳ ನಡುವಿನ ತೆಳ್ಳನೆಯ ಲೋಹದ ಮಡಿಕೆಗಳ ಮೂಲಕ ನುಗ್ಗುವ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ. ನೀರು ತಣ್ಣಗಾಯಿತು, ಗಾಳಿ ಬಿಸಿಯಾಯಿತು. ಪೆಟ್ರೋಲ್ ಎಂಜಿನ್ನಿನಲ್ಲಿ ಸುಡುವ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ದಕ್ಕುವುದು ಹೆಚ್ಚುಕಡಿಮೆ ಕಾಲು ಪಾಲು, ಬಹಳವೆಂದರೆ ಮೂರನೆಯ ಒಂದು ಪಾಲು. ಉಳಿದುದರಲ್ಲಿ ಒಂದು ದೊಡ್ಡ ಭಾಗ ಹೊಗೆಕೊಳವೆಯಿಂದ ಹೋಗುತ್ತದೆ, ಇನ್ನೊಂದು ದೊಡ್ಡ ಭಾಗ ರೇಡಿಯೇಟರಿನಿಂದ ಹೋಗುತ್ತದೆ. ಆದುದರಿಂದ ರೇಡಿಯೇಟರನ್ನು ತಂಪಿನ ಯಂತ್ರ ಎನ್ನುವುದಕ್ಕಿಂತ ಪೋಲಿನ ಬಾಗಿಲು ಎಂದು ಕರೆಯುವುದು ಸತ್ಯಕ್ಕೆ ಹತ್ತಿರ. ಬಾಗಿಲು ಬೇಡವೆಂದಲ್ಲ, ಬಾಗಿಲಿಲ್ಲದಿದ್ದರೆ ಎಂಜಿನ್ ಹತ್ತು ನಿಮಿಷವೂ ಬದುಕದು. ಆದರೆ ಮನೆಯವರು ವರ್ಷವರ್ಷವೂ ಬಾಗಿಲನ್ನು ಅಗಲಿಸುತ್ತಿದ್ದರೆ, ಒಳಗೆ ಹೊತ್ತಿಸುತ್ತಿರುವುದು ಏನೆಂದು ನೆರೆಯವರು ವಿಚಾರಿಸಲೇಬೇಕಾಗುತ್ತದೆ.

ಈ ಚಟದ ಸ್ವರೂಪ ತಿಳಿಯಲು ಜಪಾನಿನ ಮಾಜ್ದಾ ಕಂಪನಿಯ ಆರ್‌ಎಕ್ಸ್-7 ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದರ ಮೂರನೆಯ ಪೀಳಿಗೆ 1991ರ ಕೊನೆಯಲ್ಲಿ ಬಂದು 2002ರವರೆಗೆ ತಯಾರಾಯಿತು. ಅದರ ಎಂಜಿನ್ ಸಾಮಾನ್ಯ ಕಾರಿನದರಂತೆ ಪಿಸ್ಟನ್ ಮೇಲೆ ಕೆಳಗೆ ಆಡುವ ಬಗೆಯದಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ರೋಟರಿ ಎಂಜಿನ್ ಅದು. ಮೊಟ್ಟೆಯಾಕಾರದ ಕೋಣೆಯೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತದೆ. ಎರಡು ರೋಟರುಗಳ ಒಟ್ಟು ಗಾತ್ರ 1308 ಸಿಸಿ ಮಾತ್ರ. ಅಷ್ಟರಿಂದಲೇ ಎರಡು ಟರ್ಬೊಗಳ ಸಹಾಯದಿಂದ ಮೊದಲಿಗೆ 255, ಕೊನೆಗೆ 280 ಅಶ್ವಶಕ್ತಿ ಹೊರಡಿಸಿದರು. ಎಂಜಿನಿಯರರ ಜಾಣ್ಮೆಗೆ ಇದು ಸಾಕ್ಷಿಯೆಂಬುದರಲ್ಲಿ ಅನುಮಾನವಿಲ್ಲ. ಇದೇ ಜಾತಿಯ ನಾಲ್ಕು ರೋಟರಿನ ಎಂಜಿನ್ ಹೊತ್ತ ಮಾಜ್ದಾ ಕಾರು 1991ರ ಲ ಮಾನ್ಸ್ ಇಪ್ಪತ್ನಾಲ್ಕು ಗಂಟೆಗಳ ಓಟವನ್ನು ಗೆದ್ದಿತು; ಜಪಾನಿನ ಕಾರೊಂದು ಅದನ್ನು ಗೆದ್ದದ್ದು ಅದೇ ಮೊದಲು.

ಜಾಣ್ಮೆಯ ಜೊತೆಗೆ ಒಂದು ಶಾಪವೂ ಹುಟ್ಟಿನಿಂದಲೇ ಬಂದಿದೆ. ರೋಟರಿ ಎಂಜಿನ್ನಿನಲ್ಲಿ ದಹನ ನಡೆಯುವುದು ಯಾವಾಗಲೂ ಕೋಣೆಯ ಒಂದೇ ಮಗ್ಗುಲಲ್ಲಿ. ಸಾಮಾನ್ಯ ಎಂಜಿನ್ನಿನಲ್ಲಿ ಸುಟ್ಟ ಜಾಗಕ್ಕೇ ಮತ್ತೆ ತಣ್ಣನೆಯ ಗಾಳಿ ಒಳಬಂದು ಅಷ್ಟಿಷ್ಟು ಸಮಾಧಾನ ಕೊಡುತ್ತದೆ. ಇಲ್ಲಿ ಆ ಭಾಗ್ಯವಿಲ್ಲ. ಒಂದು ಮಗ್ಗುಲು ಸದಾ ಕಾದಿರುತ್ತದೆ, ಇನ್ನೊಂದು ಸದಾ ತಣ್ಣಗಿರುತ್ತದೆ. ದಹನದ ಕೋಣೆ ಉದ್ದವಾಗಿ, ಚಪ್ಪಟೆಯಾಗಿ ಇರುವುದರಿಂದ ಕಾವು ಗೋಡೆಗಳಿಗೆ ಇಳಿಯುವುದೂ ಹೆಚ್ಚು. ಎಂಜಿನ್ನಿನ ನಡುವಿನ ಕವಚಗಳು ಅಲ್ಯೂಮಿನಿಯಂನವು, ಮಗ್ಗುಲಿನ ಫಲಕಗಳು ಬೀಡುಕಬ್ಬಿಣದವು. ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಇವೆರಡರ ನಡುವೆ ನೀರು ಸೋರದಂತೆ ತಡೆಯುವುದು ತೆಳುವಾದ ಉಂಗುರದಂತಹ ಸೀಲು. ಒಮ್ಮೆ ಅತಿಯಾಗಿ ಕಾದರೆ ಆ ಸೀಲು ಸೋಲುತ್ತದೆ, ನೀರು ದಹನದ ಕೋಣೆಗೆ ನುಗ್ಗುತ್ತದೆ, ಎಂಜಿನ್ ಬಿಚ್ಚಲೇಬೇಕಾಗುತ್ತದೆ. ಆದಕಾರಣ ಈ ಕಾರು ಕೊಂಡವನು ಮೊದಲು ಕೇಳುವ ಬುದ್ಧಿಮಾತು ‘ರೇಡಿಯೇಟರ್ ಬದಲಿಸು’ ಎಂಬುದು.

ಇಲ್ಲಿಯವರೆಗೂ ಆಕ್ಷೇಪಿಸುವಂಥದ್ದು ಹೆಚ್ಚೇನಿಲ್ಲ. ಕಾರ್ಖಾನೆಯ ರೇಡಿಯೇಟರಿಗೆ ಎರಡು ಬದಿಗೂ ಪ್ಲಾಸ್ಟಿಕ್ ತೊಟ್ಟಿಗಳು. ವರ್ಷಗಟ್ಟಲೆ ಕಾದು ಆರಿ ಪ್ಲಾಸ್ಟಿಕ್ ಪೆಡಸಾಗುತ್ತದೆ, ಒಂದು ದಿನ ಸೀಳುತ್ತದೆ. ಹಳೆಯದು ಸೀಳಿದಾಗ ಗಟ್ಟಿಯಾದುದನ್ನು ಹಾಕಿ ಕಾರಿನ ಆಯುಷ್ಯ ಹೆಚ್ಚಿಸುವುದು ದುರಸ್ತಿ. ದುರಸ್ತಿಯನ್ನು ಗೌರವಿಸದ ಪರಿಸರವಾದ ಪೊಳ್ಳು. ನೊಗ ಮುರಿದರೆ ನೊಗ ಮಾಡಿಸಿದ, ನೇಗಿಲ ಕುಳ ಸವೆದರೆ ಕುಲುಮೆಗೆ ಒಯ್ದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಕರಾರು ಇರುವುದು ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ. ರೇಡಿಯೇಟರ್ ದೊಡ್ಡದಾಯಿತು, ಎಂಜಿನ್ನಿಗೆ ಸ್ವಲ್ಪ ಅವಕಾಶ ಸಿಕ್ಕಿತು. ಸಿಕ್ಕ ಅವಕಾಶವನ್ನು ಹಾಗೇ ಉಳಿಸಿಕೊಳ್ಳುವ ಸಂಯಮ ಈ ಲೋಕದ ಸ್ವಭಾವದಲ್ಲಿ ಇಲ್ಲ. ಟರ್ಬೊ ಒತ್ತುವ ಗಾಳಿಯನ್ನು ಇನ್ನಷ್ಟು ಒತ್ತುತ್ತಾರೆ, ಹೆಚ್ಚು ಪೆಟ್ರೋಲ್ ಸುಡುತ್ತಾರೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ಆರಿಸಲು ಇಂಟರ್‌ಕೂಲರ್ ಎಂಬ ಇನ್ನೊಂದು ರೇಡಿಯೇಟರನ್ನು ದೊಡ್ಡದು ಮಾಡಿ ಕಾರಿನ ಮೂತಿಗೇ ತಂದು ನಿಲ್ಲಿಸುತ್ತಾರೆ. ಈಗ ಮೂಲದ ರೇಡಿಯೇಟರಿಗೆ ಬರಬೇಕಾದ ಗಾಳಿಗೆ ಇದೇ ಅಡ್ಡ! ಇಂಟರ್‌ಕೂಲರ್ ದಾಟಿ ಬಂದ ಬಿಸಿಗಾಳಿಯಷ್ಟೇ ಹಿಂದಿನದಕ್ಕೆ ಸಿಗುತ್ತದೆ. ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಮತ್ತೆ ಇನ್ನೂ ದಪ್ಪನೆಯ ರೇಡಿಯೇಟರ್. ಅದೂ ಸಾಲದೆ ಎರಡನ್ನೂ ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ನಿಲ್ಲಿಸಿ ಗಾಳಿಯನ್ನು ಹಂಚುವ ಏರ್ಪಾಡು, ಬಾನೆಟ್ಟಿನಲ್ಲಿ ಕಂಡಿ, ದೊಡ್ಡ ಫ್ಯಾನು, ಫ್ಯಾನಿಗೆ ಹೆಚ್ಚಿನ ವಿದ್ಯುತ್ತು, ಎಣ್ಣೆಗೆ ಇನ್ನೊಂದು ಕೂಲರ್. ಒಂದು ಕಾಯಿಲೆಗೆ ಕೊಟ್ಟ ಮದ್ದೇ ಮತ್ತೊಂದು ಕಾಯಿಲೆಯಾಗಿ, ಅದಕ್ಕೆ ಮತ್ತೊಂದು ಮದ್ದು. ಆನೆ ಬಾರದಂತೆ ಕಂದಕ ತೋಡಿ, ಕಂದಕ ಕುಸಿದಾಗ ರೈಲು ಕಂಬಿಯ ಬೇಲಿ ಹಾಕಿ, ಆನೆಯ ದಾರಿ ಯಾವುದಾಗಿತ್ತೆಂಬ ಪ್ರಶ್ನೆಯನ್ನು ಮಾತ್ರ ಎತ್ತದೆ ಉಳಿಯುವ ವ್ಯವಹಾರವನ್ನು ಕಂಡವರಿಗೆ ಈ ಸರಪಳಿ ಹೊಸದೆನಿಸದು.

ಸೋಜಿಗವೆಂದರೆ, ಸಾಧಾರಣ ರಸ್ತೆಯಲ್ಲಿ ಓಡುವ ಕಾರಿಗೆ ದೊಡ್ಡ ರೇಡಿಯೇಟರಿನಿಂದ ಎಂಜಿನ್ ಹೆಚ್ಚು ತಂಪಾಗುವುದೂ ಇಲ್ಲ. ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಕಾವಲುಗಾರನಿದ್ದಾನೆ. ಸುಮಾರು 80 ಡಿಗ್ರಿ ದಾಟುವವರೆಗೆ ಅವನು ನೀರನ್ನು ರೇಡಿಯೇಟರಿಗೆ ಬಿಡುವುದೇ ಇಲ್ಲ, ಏಕೆಂದರೆ ಎಂಜಿನ್ ಚೆನ್ನಾಗಿ ಕೆಲಸ ಮಾಡಲು ಅಷ್ಟು ಬಿಸಿ ಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಕಾರ್ಖಾನೆಯ ರೇಡಿಯೇಟರ್ ಆ ಮಟ್ಟವನ್ನು ಕಾಯ್ದುಕೊಳ್ಳಲು ಶಕ್ತವಾಗಿದ್ದರೆ, ಇಮ್ಮಡಿ ದೊಡ್ಡದು ಕೂಡ ಅದೇ ಮಟ್ಟವನ್ನೇ ಕಾಯುತ್ತದೆ. ವ್ಯತ್ಯಾಸ ಕಾಣುವುದು ಎಂಜಿನ್ನನ್ನು ತುತ್ತತುದಿಯವರೆಗೆ ಹಿಂಡಿದಾಗ ಮಾತ್ರ. ‘ಎಂಜಿನ್ ರಕ್ಷಣೆಗಾಗಿ’ ಎಂದು ಮಾರಾಟವಾಗುವ ಸರಕು ವಾಸ್ತವದಲ್ಲಿ ಇನ್ನಷ್ಟು ಹಿಂಡುವುದಕ್ಕೆ ಕೊಡುವ ಪರವಾನಗಿ.

ಇನ್ನೂ ಒಂದು ಸಂಗತಿಯುಂಟು, ಇದು ಮಾರುಕಟ್ಟೆಯ ಮನಸ್ಸನ್ನೇ ತೋರಿಸುತ್ತದೆ. ಈ ಕಾರಿನ ಮೂತಿ ತಗ್ಗು, ರೇಡಿಯೇಟರ್ ಓರೆಯಾಗಿ ಮಲಗಿದೆ. ಒಳನುಗ್ಗುವ ಗಾಳಿ ಸುತ್ತಲಿನ ಸಂದುಗಳಲ್ಲಿ ತಪ್ಪಿಸಿಕೊಂಡು ಹೋದರೆ ರೇಡಿಯೇಟರ್ ಎಷ್ಟು ದೊಡ್ಡದಾದರೂ ವ್ಯರ್ಥ. ಕಾರಿನಡಿಯ ಪ್ಲಾಸ್ಟಿಕ್ ತಟ್ಟೆಯನ್ನು ರಿಪೇರಿಯ ಅವಸರದಲ್ಲಿ ಬಿಚ್ಚಿದವರು ಮರಳಿ ಹಾಕುವುದನ್ನು ಮರೆಯುತ್ತಾರೆ. ಅಲ್ಲಿಗೆ ಗಾಳಿಯ ದಾರಿಯೇ ತಪ್ಪಿತು. ತಟ್ಟೆಯನ್ನು ಮರಳಿ ಬಿಗಿದು, ಸಂದುಗಳಿಗೆ ಸ್ಪಂಜು ತುರುಕಿ ಮುಚ್ಚಿ, ಮಡಿಕೆಗಳಲ್ಲಿ ಸಿಕ್ಕಿದ ಹುಳು, ಎಲೆ, ಮಣ್ಣು ತೊಳೆದು, ಮುಚ್ಚಳ ಮತ್ತು ಥರ್ಮೋಸ್ಟಾಟ್ ಹೊಸದು ಹಾಕಿದರೆ ಬಹುಪಾಲು ಕಾರುಗಳ ಕಾಯಿಲೆ ವಾಸಿಯಾಗುತ್ತದೆ ಎಂಬುದನ್ನು ಅನುಭವಿ ಮೆಕ್ಯಾನಿಕ್‌ಗಳು ಬಲ್ಲರು. ಆದರೆ ಸ್ಪಂಜಿನ ತುಂಡಿಗೆ ಜಾಹೀರಾತು ಕೊಡುವವರು ಯಾರು? ಇರುವುದನ್ನು ಸರಿಯಾಗಿ ಇಟ್ಟುಕೊಳ್ಳಿ ಎಂಬ ಮಾತಿನಲ್ಲಿ ಲಾಭವಿಲ್ಲ.

ಇದಕ್ಕಿಂತಲೂ ಗಂಭೀರವಾದುದು ಉಷ್ಣತೆ ತೋರಿಸುವ ಮುಳ್ಳಿನ ಕಥೆ. ಆರ್‌ಎಕ್ಸ್-7ರ ಡ್ಯಾಶ್‌ಬೋರ್ಡಿನಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳೊಂದಿದೆ. ಅದು ಸರಳರೇಖೆಯಲ್ಲಿ ಏರುವ ಮುಳ್ಳಲ್ಲ. ಬಿಸಿ 80ರ ಆಸುಪಾಸಿನಿಂದ 100ರ ಆಚೆಗೆ ಹೋಗುವವರೆಗೂ ಅದು ನಡುವಿನಲ್ಲಿ ನಿಶ್ಚಿಂತೆಯಿಂದ ನಿಂತಿರುತ್ತದೆ. ಏರತೊಡಗುವ ಹೊತ್ತಿಗೆ ಅನಾಹುತ ಬಾಗಿಲಿಗೆ ಬಂದಿರುತ್ತದೆ. ಮುಳ್ಳು ಅತ್ತಿತ್ತ ಆಡಿದರೆ ಕೊಂಡವನು ಗಾಬರಿಗೊಂಡು ಅಂಗಡಿಗೆ ಓಡಿಬರುತ್ತಾನೆಂದು ಮುಳ್ಳನ್ನೇ ಪಳಗಿಸಿದ ಏರ್ಪಾಡು ಇದು. ಈ ಒಂದು ಕಾರಿಗಷ್ಟೇ ಸೀಮಿತವಾದ ಪದ್ಧತಿಯೂ ಇದಲ್ಲ. ಅದಕ್ಕಾಗಿಯೇ ಈ ಕಾರಿನ ಬಲ್ಲಿದ ಮಾಲೀಕರು ರೇಡಿಯೇಟರಿಗಿಂತ ಮೊದಲು ಸತ್ಯ ಹೇಳುವ ಮಾಪಕವೊಂದನ್ನು ಹಾಕಿಸಿಕೊಳ್ಳುತ್ತಾರೆ. ಈ ಇಡೀ ಹವ್ಯಾಸದಲ್ಲಿ ನಿಜಕ್ಕೂ ಮೆಚ್ಚಬೇಕಾದ ಅಪ್‌ಗ್ರೇಡ್ ಅದೊಂದೇ.

ಪಳಗಿಸಿದ ಮುಳ್ಳುಗಳು ಕಾರಿನಲ್ಲಿ ಮಾತ್ರ ಇರುವುದಿಲ್ಲ. ಪಶ್ಚಿಮ ಘಟ್ಟಗಳ ಸ್ಥಿತಿಯನ್ನು ಅಳೆಯಲು ಸರ್ಕಾರವೇ ನೇಮಿಸಿದ್ದ, ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟ್ 31ರಂದು ವರದಿ ಒಪ್ಪಿಸಿತು. ಅದು ಸಾರ್ವಜನಿಕರ ಕೈಗೆ ಸಿಕ್ಕಿದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನ ಹೋರಾಟದ ನಂತರ. ಅಷ್ಟು ತಿಂಗಳು ಮುಳ್ಳು ನಡುವಿನಲ್ಲೇ ನಿಂತಿತ್ತು. ಆಮೇಲೆ ಬಂದ ಚರ್ಚೆಯಲ್ಲಿಯೂ ವರದಿಯಲ್ಲಿರುವುದೇನೆಂದು ಕನ್ನಡದಲ್ಲಿ ಊರೂರಿಗೆ ತಲುಪಿಸುವ ಗೋಜಿಗೆ ಆಳುವವರು ಹೋಗಲಿಲ್ಲ. ಭಯ ಹುಟ್ಟಿಸುವ ಕೆಲಸ ಮಾತ್ರ ಸಾಂಗವಾಗಿ ನಡೆಯಿತು. 2018ರಲ್ಲಿ ಕೊಡಗು ಕುಸಿಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು, ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು.

ಆರ್‌ಎಕ್ಸ್-7 ಬಡವರ ಪಾಲಿಗಲ್ಲದಿದ್ದರೂ ಸ್ಪೋರ್ಟ್ಸ್ ಕಾರುಗಳ ಸಾಲಿನಲ್ಲಿ ಮಧ್ಯಮ ವರ್ಗದ್ದು. ಮೇಲಿನ ಪಂಕ್ತಿಯಲ್ಲಿ ಕಾರ್ಖಾನೆಗಳೇ ಈ ಆಟ ಆಡುತ್ತವೆ. 2005ರಲ್ಲಿ ಬಂದ ಬುಗಾಟಿ ವೇರಾನ್ ಕಾರಿಗೆ 1001 ಅಶ್ವಶಕ್ತಿ, ಅದರ ಕಾವು ಹೊರಹಾಕಲು ಹತ್ತು ರೇಡಿಯೇಟರುಗಳು. ಪೂರ್ಣ ವೇಗದಲ್ಲಿ ಓಡಿದರೆ ಅದರ 100 ಲೀಟರಿನ ಟ್ಯಾಂಕು ಸುಮಾರು ಹನ್ನೆರಡು ನಿಮಿಷಗಳಲ್ಲಿ ಬರಿದಾಗುತ್ತದೆ ಎಂಬುದನ್ನು ಹೆಮ್ಮೆಯ ಮಾತಾಗಿ ಹೇಳಲಾಗುತ್ತಿತ್ತು. ಅಮೆರಿಕದ ಷೆವರ್ಲೆ ಕಂಪನಿ 2015ರ ಮಾದರಿಯಾಗಿ 650 ಅಶ್ವಶಕ್ತಿಯ ಕಾರ್ವೆಟ್ ಜೀ06 ತಂದಾಗ, ರೇಸ್ ಟ್ರ್ಯಾಕಿಗೆ ಒಯ್ದ ಮಾಲೀಕರು ಕೆಲವೇ ಸುತ್ತುಗಳಲ್ಲಿ ಎಂಜಿನ್ ಕಾದು ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತಿದೆ ಎಂದು ದೂರಿದರು. 2017ರ ಮಾದರಿಗೆ ಕಂಪನಿ ಬಾನೆಟ್ಟಿನ ಕಂಡಿಗಳನ್ನು ದೊಡ್ಡದು ಮಾಡಿತು. ಅದೇ ವರ್ಷ ಮಾಲೀಕರು ನ್ಯಾಯಾಲಯಕ್ಕೂ ಹೋದರು. ಎಂಜಿನ್ ತಾನೇ ‘ಸಾಕು’ ಎಂದು ಹೇಳಿದ್ದನ್ನು ದೋಷವೆಂದು ಪರಿಗಣಿಸಿ ಮೊಕದ್ದಮೆ ಹೂಡುವ ಕಾಲವಿದು.

ಇನ್ನು ಲೆಕ್ಕಕ್ಕೆ ಬರೋಣವೆಂದರೆ, 255 ಅಶ್ವಶಕ್ತಿ ಎಂದರೆ ಸುಮಾರು 188 ಕಿಲೋವಾಟ್. ದಕ್ಷತೆಯನ್ನು ಉದಾರವಾಗಿ ಕಾಲು ಪಾಲು ಎಂದು ಹಿಡಿದರೆ, ಪೂರ್ಣ ಶಕ್ತಿಯಲ್ಲಿ ಓಡುವ ಆರ್‌ಎಕ್ಸ್-7 ಅದರ ಮೂರು ಪಟ್ಟನ್ನು, ಅಂದರೆ 560 ಕಿಲೋವಾಟಿನಷ್ಟನ್ನು ಬರಿಯ ಕಾವಾಗಿ ಗಾಳಿಗೆ ಚೆಲ್ಲುತ್ತದೆ. ಒಂದು ಕಿಲೋವಾಟಿನ 560 ಕಾಯಿಲುಗಳನ್ನು ಬಯಲಿನಲ್ಲಿ ಉರಿಸಿದಂತೆ! ಆ ಕಾವಿನಲ್ಲಿ ಒಂದು ಹಂಡೆ ನೀರು ಕಾಯುವುದಿಲ್ಲ, ಒಂದು ಬುಟ್ಟಿ ಅಡಿಕೆ ಬೇಯುವುದಿಲ್ಲ.

ಇಲ್ಲಿ ಒಂದು ಹಳೆಯ ಅವಮಾನವನ್ನು ನೆನಪಿಸಿಕೊಳ್ಳುವುದು ನ್ಯಾಯ. 1980ರ ದಶಕದಲ್ಲಿ ದೇಶದಾದ್ಯಂತ ಸುಧಾರಿತ ಒಲೆಗಳ ಪ್ರಚಾರ ನಡೆದಾಗ, ಹಳ್ಳಿಯ ಹೆಂಗಸರ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ಹತ್ತನೆಯ ಒಂದು ಪಾಲಷ್ಟೇ ಪಾತ್ರೆಗೆ ತಲುಪುತ್ತದೆ, ಉಳಿದದ್ದು ಪೋಲು, ಈ ಪೋಲಿನಿಂದಲೇ ಕಾಡು ನಾಶವಾಗುತ್ತಿದೆ ಎಂದು ಭಾಷಣಗಳಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಸಾವಿರಾರು ಅಡುಗೆಮನೆಗಳಿಗೆ ಬಂತು. ಒಳ್ಳೆಯ ಒಲೆಯೇ ಅದು. ಹೊಗೆ ಕಡಿಮೆ, ಸೌದೆಯ ಉಳಿತಾಯವೂ ನಿಜ. ಅದರ ಹಿಂದಿನ ವಿವೇಕವನ್ನು ಗಮನಿಸಬೇಕು: ಕಾವು ಹೆಚ್ಚಾಗಿ ಪೋಲಾಗುತ್ತಿದೆಯೆಂದರೆ ಗೋಡೆಗೆ ದೊಡ್ಡ ಕಿಟಕಿ ಇಡಿ ಎಂದು ಆ ವಿಜ್ಞಾನಿಗಳು ಹೇಳಲಿಲ್ಲ, ಬೆಂಕಿಯನ್ನು ಚಿಕ್ಕದು ಮಾಡಿ, ಅದೇ ಅನ್ನವನ್ನು ಬೇಯಿಸಿದರು. ಕಾಡಿನಿಂದ ಪುಳ್ಳೆ ಆರಿಸಿ ತರುವ ಹೆಂಗಸು ಪೋಲು ಮಾಡುವವಳೆನಿಸಿಕೊಂಡಳು. ಸುಟ್ಟ ಪೆಟ್ರೋಲಿನಲ್ಲಿ ಮುಕ್ಕಾಲು ಪಾಲನ್ನು ಗಾಳಿಗೆ ತೂರುತ್ತ, ಒಂದೇ ಕಡೆಗೆ ಸುತ್ತಿ ಹೊರಟಲ್ಲಿಗೇ ಬರುವವನು ಮಾತ್ರ ಕ್ರೀಡಾಪಟು. ಟ್ರ್ಯಾಕಿನಲ್ಲಿ ಅವನ ಕಾರು ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವುದೂ ಕಷ್ಟ. ಐವತ್ತು ಜನರನ್ನು ಹೊತ್ತು ಘಟ್ಟ ಹತ್ತುವ ಸರ್ಕಾರಿ ಬಸ್ಸು ಲೀಟರ್ ಡೀಸೆಲ್ಲಿಗೆ ಸುಮಾರು ಐದು ಕಿಲೋಮೀಟರ್ ಹೋಗುತ್ತದೆ.

ರೇಡಿಯೇಟರಿನ ಲೋಹದ ಮೂಲವೂ ಬೆಟ್ಟವೇ. ಒಂದು ಟನ್ ಅಲ್ಯೂಮಿನಿಯಂಗೆ ನಾಲ್ಕರಿಂದ ಐದು ಟನ್ ಬಾಕ್ಸೈಟ್ ಅದಿರು ಬೇಕು. ಕರಗಿಸಲು 13ರಿಂದ 15 ಸಾವಿರ ಯೂನಿಟ್ ವಿದ್ಯುತ್ ಬೇಕು. ಭಾರತದಲ್ಲಿ ಬಾಕ್ಸೈಟ್ ಇರುವುದು ಬಹುಮಟ್ಟಿಗೆ ಬೆಟ್ಟಗಳ ನೆತ್ತಿಯ ಮೇಲೆ, ಮಳೆನೀರನ್ನು ಹೀರಿ ಹಿಡಿದು ಬೇಸಿಗೆಯಲ್ಲಿ ತೊರೆಗಳಾಗಿ ಬಿಡುವ ಮುರಕಲ್ಲಿನ ಹಾಸಿನಲ್ಲಿ. ಒಡಿಶಾದ ಕಾಶೀಪುರದಲ್ಲಿ ಬಾಕ್ಸೈಟ್ ಯೋಜನೆಯನ್ನು ವಿರೋಧಿಸಿದ ಮೂವರು ಆದಿವಾಸಿಗಳು 2000ದ ಡಿಸೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ನಿಯಮಗಿರಿಯ ಗಣಿಯ ಬಗ್ಗೆ ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಸೇರಿದ ಹನ್ನೆರಡೂ ಸಭೆಗಳು ‘ಬೇಡ’ ಎಂದವು. ಆ ಅದಿರು ಈ ರೇಡಿಯೇಟರುಗಳಿಗೆ ಹೋಗುತ್ತದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಒಂದು ರೇಡಿಯೇಟರಿನ ತೂಕ ಆರೇಳು ಕಿಲೋ. ಅದರ ಲೋಹಕ್ಕೆ ತಗಲುವ ವಿದ್ಯುತ್ ನೂರು ಯೂನಿಟ್ಟಿಗೂ ಕಡಿಮೆ. ಹಳೆಯ ಅಲ್ಯೂಮಿನಿಯಂ ಕರಗಿಸಿ ಮಾಡಿದರೆ ಅದರ ಇಪ್ಪತ್ತನೆಯ ಒಂದು ಭಾಗ ಸಾಕು. ಲೋಹದ ಲೆಕ್ಕ ಚಿಕ್ಕದು. ಆ ಲೋಹ ಯಾವ ಉರಿಗೆ ದಾರಿ ಮಾಡಿಕೊಡುತ್ತದೆ ಎಂಬ ಲೆಕ್ಕ ದೊಡ್ಡದು: ಪ್ರತಿ ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್.

ಕೂಲೆಂಟಿನ ವಿಷಯವನ್ನು ಮಾತ್ರ ಹಳ್ಳಿಯವರು ನೇರವಾಗಿ ಮನಸ್ಸಿಗೆ ತಂದುಕೊಳ್ಳಬೇಕು, ಅದು ಈಗ ಘಟ್ಟದ ದಾರಿಯ ಎಲ್ಲ ವಾಹನಗಳಲ್ಲೂ ಇದೆ. ರೇಡಿಯೇಟರಿಗೆ ಹೊಯ್ಯುವ ಹಸಿರು ಅಥವಾ ಕೆಂಪು ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಅದರ ರುಚಿ ಸಿಹಿ. ಕೆಲವೇ ಚಮಚೆ ಒಳಹೋದರೂ ನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ, ಮಕ್ಕಳಿಗೂ ಅಪಾಯ. ಅಮೆರಿಕದ ಹಲವು ರಾಜ್ಯಗಳು ಇದಕ್ಕೆ ಕಹಿ ಬೆರೆಸಬೇಕೆಂದು ಕಾನೂನು ಮಾಡಿದವು. 2012ರಲ್ಲಿ ಅಲ್ಲಿಯ ತಯಾರಕರು ದೇಶದಾದ್ಯಂತ ಬೆರೆಸಲು ಒಪ್ಪಿದರು. ರೇಡಿಯೇಟರ್ ಬದಲಿಸುವವರು ಹಳೆಯ ದ್ರವವನ್ನು ಚರಂಡಿಗೋ ಹಳ್ಳಕ್ಕೋ ಬಿಡದೆ ಡಬ್ಬಿಯಲ್ಲಿ ಹಿಡಿದು ವಿಲೇವಾರಿ ಮಾಡಬೇಕೆಂಬ ನಿಯಮ ಅಲ್ಲಿ ಉಂಟು. ಘಟ್ಟದ ಬದಿಯ ಗ್ಯಾರೇಜುಗಳಲ್ಲಿ ಅದು ಎಲ್ಲಿಗೆ ಹರಿಯುತ್ತದೆಂದು ಊರಿನ ಯುವಕರೇ ಹೋಗಿ ನೋಡಿ ಕೇಳಬಹುದು.

‘ಕಾರುಗಳ ಸಂಖ್ಯೆ ಎಷ್ಟು ಮಹಾ? ಉಳ್ಳವರ ಆಟಿಕೆಯೊಂದರ ಮೇಲೆ ಇಷ್ಟು ಕೋಪವೇಕೆ?’ ಎಂದು ಆಕ್ಷೇಪಿಸುವವರು ಕೈಗಾದತ್ತ ಒಮ್ಮೆ ನೋಡಬೇಕು. ಕೈಗಾ ಅಣುಸ್ಥಾವರದ 220 ಮೆಗಾವಾಟಿನ ಪ್ರತಿಯೊಂದು ಘಟಕವೂ ವಿದ್ಯುತ್ತಾಗಿ ಕೊಡುವುದರ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿಯನ್ನು ಬಿಸಿಯಾಗಿ ಹೊರಹಾಕುತ್ತದೆ. ಅಂಥ ನಾಲ್ಕು ಘಟಕಗಳಿವೆ. ಆ ಬಿಸಿಯನ್ನು ಹೀರಿಕೊಳ್ಳುವುದು ಕದ್ರಾ ಜಲಾಶಯದ ನೀರು. ಅಂದರೆ ಕಾಳಿ ನದಿಯೇ ಅಲ್ಲಿಯ ರೇಡಿಯೇಟರ್. ಆ ನದಿಗೆ ‘ಅಪ್‌ಗ್ರೇಡ್’ ಇಲ್ಲ. ಇನ್ನೂ ಎರಡು 700 ಮೆಗಾವಾಟಿನ ಘಟಕಗಳ ಯೋಜನೆಯಲ್ಲಿ ನದಿ ಸಾಲದೆಂದೋ ಏನೋ, ದೈತ್ಯ ಶೀತಲೀಕರಣ ಗೋಪುರಗಳನ್ನು ಸೇರಿಸಲಾಯಿತು. ಗೋಪುರ ಕಟ್ಟುವುದು ಹೇಗೆಂಬುದರ ಬಗ್ಗೆ ಸಾವಿರ ಪುಟಗಳ ವರದಿ ಸಿದ್ಧವಾಗುತ್ತದೆ. ಅಷ್ಟು ವಿದ್ಯುತ್ ಯಾವುದಕ್ಕೆ, ಯಾರಿಗೆ ಎಂಬುದಕ್ಕೆ ಒಂದು ಪುಟವೂ ಸಿಗುವುದಿಲ್ಲ. ಆರ್‌ಎಕ್ಸ್-7ರ ಮಾಲೀಕ ಕೇಳದೇ ಬಿಟ್ಟ ಪ್ರಶ್ನೆಯೂ ಇದೇ.

ವಿದ್ಯುತ್ ಕಾರು ಬಂದರೆ ಈ ಸಮಸ್ಯೆ ಮುಗಿಯಿತೆಂಬ ನಂಬಿಕೆಯೂ ಹರಡುತ್ತಿದೆ. ವಿದ್ಯುತ್ ಮೋಟಾರು ಶಕ್ತಿಯನ್ನು ಬಹುಪಾಲು ಚಕ್ರಕ್ಕೇ ಕೊಡುತ್ತದೆ, ಪೋಲು ಕಡಿಮೆ. ಇದನ್ನು ನಿರಾಕರಿಸುವುದು ಹಟವಾದೀತು. ಆದರೆ ಅತಿವೇಗದ ವಿದ್ಯುತ್ ಸ್ಪೋರ್ಟ್ಸ್ ಕಾರುಗಳ ಮೂತಿ ಬಿಚ್ಚಿದರೆ ಅಲ್ಲಿಯೂ ರೇಡಿಯೇಟರುಗಳಿವೆ. ಬ್ಯಾಟರಿ ಕಾಯುತ್ತದೆ, ವೇಗವಾಗಿ ಚಾರ್ಜ್ ಮಾಡಿದರೆ ಮತ್ತಷ್ಟು ಕಾಯುತ್ತದೆ. ಅದಕ್ಕೊಂದು ಪಂಪು, ಕೂಲೆಂಟು, ಜೊತೆಗೆ ಹವಾನಿಯಂತ್ರಣದ ಯಂತ್ರದ ಸಹಾಯ. ಮಾಜ್ದಾ ಕಂಪನಿಯೇ 2023ರಲ್ಲಿ ರೋಟರಿ ಎಂಜಿನ್ನನ್ನು ಮರಳಿ ತಂದಿತು: 830 ಸಿಸಿಯ ಒಂದೇ ರೋಟರು, ಚಕ್ರ ತಿರುಗಿಸಲು ಅಲ್ಲ, ವಿದ್ಯುತ್ ಕಾರಿನ ಬ್ಯಾಟರಿ ತುಂಬಲು. ಚಿಕ್ಕದಾದ ಬೆಂಕಿ, ಚಿಕ್ಕದಾದ ರೇಡಿಯೇಟರ್. ಅದೇ ಕಂಪನಿಯ ಎಂಜಿನಿಯರರಿಗೆ ಬೇಕಾದಾಗ ಈ ದಿಕ್ಕಿನಲ್ಲಿ ಯೋಚಿಸಲು ಬರುತ್ತದೆಂಬುದು ಇದರಿಂದ ಸ್ಪಷ್ಟ. ಅವರಿಂದ ಅದನ್ನು ಕೇಳುವ ಕೊಳ್ಳುಗರು ಬೇಕು.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು, ಅವರಲ್ಲಿ ಮಲೆನಾಡಿನ ಹಳ್ಳಿಗಳಿಂದ ಹೋದವರೂ ಇದ್ದಾರೆ, ಎಸ್‌ಎಇ ಇಂಡಿಯಾ ನಡೆಸುವ ಸುಪ್ರಾದಂತಹ ಸ್ಪರ್ಧೆಗಳಿಗಾಗಿ ಪುಟ್ಟ ರೇಸ್ ಕಾರುಗಳನ್ನು ತಾವೇ ಕಟ್ಟುತ್ತಾರೆ. ತಮ್ಮ ಕೈಯಾರೆ ಕಬ್ಬಿಣ ಬೆಸೆಯುವ, ಲೆಕ್ಕ ಹಾಕುವ ಹುಮ್ಮಸ್ಸು ಅಲ್ಲಿದೆ; ಅದನ್ನು ಹೀಗಳೆಯುವುದು ತರವಲ್ಲ. ಅವರೂ ರೇಡಿಯೇಟರಿನ ಅಳತೆಯನ್ನು ಲೆಕ್ಕ ಮಾಡಲೇಬೇಕು: ಎಂಜಿನ್ ಎಷ್ಟು ಕಾವು ಕೊಡುತ್ತದೆ, ಗಾಳಿ ಎಷ್ಟು ಒಯ್ಯುತ್ತದೆ, ಮಡಿಕೆಗಳ ವಿಸ್ತಾರ ಎಷ್ಟಿರಬೇಕು. ಈ ಲೆಕ್ಕದ ಮೊದಲ ಸಾಲಿನಲ್ಲಿ ಎಂಜಿನ್ನಿನ ಕಾವನ್ನು ‘ಕೊಟ್ಟಿದೆ’ ಎಂದು ಬರೆದುಕೊಂಡು ಮುಂದೆ ಸಾಗುವುದು ಪಠ್ಯಪುಸ್ತಕದ ರೂಢಿ. ಆ ಸಂಖ್ಯೆಯನ್ನು ಕೊಟ್ಟವರು ಯಾರು, ಅದು ಅಷ್ಟೇ ಇರಬೇಕೆಂದು ಯಾರು ಹೇಳಿದರು ಎಂದು ಪ್ರಾಧ್ಯಾಪಕರನ್ನು ಕೇಳುವುದಕ್ಕೆ ಯಾವ ನಿಯಮವೂ ಅಡ್ಡಿಯಾಗಿಲ್ಲ.